ಕದನ ನಿಂತ ದೇಶದಲ್ಲಿ ಪರಿಸರ ಕಾರ್ಯಕ್ರಮ ನಡೆಸುವುದು ಹೇಗೆ: ಮೊದಲ ವಾರದಿಂದ ಹಸ್ತಾಂತರದವರೆಗೆ

2016ರ ನವೆಂಬರಿನಲ್ಲಿ ಕೊಲಂಬಿಯಾ ಸರ್ಕಾರ ಮತ್ತು ಫಾರ್ಕ್ ಬಂಡುಕೋರರು ಅಂತಿಮ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಆ ವರ್ಷ ದೇಶ ಕಳೆದುಕೊಂಡ ಕಾಡು 1,78,597 ಹೆಕ್ಟೇರ್. ಬಂಡುಕೋರರು ಕಾಡು ಬಿಟ್ಟು ಶಿಬಿರಗಳಿಗೆ ಬಂದ ಮರುವರ್ಷ ಅದು 2,19,973 ಹೆಕ್ಟೇರಿಗೆ ಏರಿತು. ತಮ್ಮ ಹಿಡಿತದಲ್ಲಿದ್ದ ಹಲವು ಕಡೆ ಯಾರು ಎಷ್ಟು ಕಡಿಯಬಹುದು ಎಂದು ಗೆರೆ ಎಳೆಯುತ್ತಿದ್ದವರು ಈ ಬಂಡುಕೋರರೇ. ಅವರು ಹೋದರು, ಅವರ ಜಾಗಕ್ಕೆ ಸರ್ಕಾರ ಬರಲಿಲ್ಲ. ಆ ಸಂದಿಯಲ್ಲಿ ಹುಲ್ಲುಗಾವಲು ಮಾಡುವವರು, ಕೊಕೇನಿನ ಮೂಲವಾದ ಕೋಕಾ ಬೆಳೆಯುವವರು, ನೆಲ ಹಿಡಿದು ಮಾರುವವರು ನುಗ್ಗಿದರು.

ಇಂಥ ದೇಶಕ್ಕೆ ಪರಿಸರ ಕಾರ್ಯಕ್ರಮದ ಮುಖ್ಯಸ್ಥರಾಗಿ ಹೋಗುವವರಿಗಾಗಿ ಈ ಬರಹ. ನೀವು ವಿಶ್ವಸಂಸ್ಥೆಯ ಅಂಗಸಂಸ್ಥೆಯವರಾಗಿರಬಹುದು, ಸ್ವಯಂಸೇವಾ ಸಂಸ್ಥೆಯವರಾಗಿರಬಹುದು, ಅಲ್ಲಿನ ಸಚಿವಾಲಯವೇ ನೇಮಿಸಿಕೊಂಡ ಸಲಹೆಗಾರರಾಗಿರಬಹುದು. ನಿಮ್ಮ ಕೈಯಲ್ಲಿರುವ ಯೋಜನಾ ದಸ್ತಾವೇಜಿನಲ್ಲಿ ಜೀವವೈವಿಧ್ಯ, ಹವಾಮಾನ, ಜಲಾನಯನ ಎಂದೆಲ್ಲ ಬರೆದಿರುತ್ತದೆ. ಊರಿನಲ್ಲಿ ಇಳಿದ ಮೇಲೆ ನಿಮ್ಮನ್ನು ಕಾಡುವ ಪ್ರಶ್ನೆ ಬೇರೆ: ನೆಲ, ನೀರು, ಕಾಡು ಈಗ ಯಾರ ಕೈಯಿಂದ ಯಾರ ಕೈಗೆ ದಾಟುತ್ತಿವೆ? ಅದು ತಿಳಿಯುವ ಮುಂಚೆ ಖರ್ಚು ಮಾಡಿದ ಹಣ ಯಾವನೋ ಒಬ್ಬನ ಹಕ್ಕನ್ನು ಗಟ್ಟಿ ಮಾಡಿ, ಇನ್ನೊಬ್ಬನ ಹಕ್ಕನ್ನು ಅಳಿಸಿಬಿಡುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಹೆಜ್ಜೆ 1: ಯುದ್ಧ ಹೇಗೆ ಮುಗಿಯಿತು ಎಂದು ಓದಿಕೊಳ್ಳಿ

ವಿಮಾನ ಹತ್ತುವ ಮೊದಲು ಶಾಂತಿ ಒಪ್ಪಂದದ ಪೂರ್ತಿ ಪಠ್ಯ ಓದಿ. ಸಾರಾಂಶ ಸಾಲದು. ಕೊಲಂಬಿಯಾದ ಒಪ್ಪಂದದಲ್ಲಿ ಮೊದಲ ಅಧ್ಯಾಯವೇ ಗ್ರಾಮೀಣ ಭೂಸುಧಾರಣೆ; ಅದನ್ನು ಓದದೆ ಅಲ್ಲಿ ಅರಣ್ಯ ಯೋಜನೆ ಬರೆಯುವವನು ಕತ್ತಲಲ್ಲಿ ಬರೆಯುತ್ತಾನೆ. ಒಪ್ಪಂದವೇ ಇಲ್ಲದೆ ಒಂದು ಪಕ್ಷದ ಗೆಲುವಿನಲ್ಲಿ ಯುದ್ಧ ಮುಗಿದಿದ್ದರೆ ಲೆಕ್ಕಾಚಾರವೇ ಬೇರೆ. ಅಲ್ಲಿ ಸೋತವರ ಪ್ರದೇಶದಲ್ಲಿ ಸರ್ಕಾರದ ಅರಣ್ಯ ಇಲಾಖೆಯ ಜೀಪು ಕಂಡರೂ ಜನ ಸೈನ್ಯದ ಜೀಪನ್ನೇ ಕಾಣುತ್ತಾರೆ.

ಒಪ್ಪಂದ ದೇಶದ ಆಡಳಿತವನ್ನು ಹೇಗೆ ಹಂಚಿದೆ ಎಂಬುದೂ ಮುಖ್ಯ. 1995ರ ಡೇಟನ್ ಒಪ್ಪಂದದ ಬಳಿಕ ಬೋಸ್ನಿಯಾದಲ್ಲಿ ಪರಿಸರದ ಅಧಿಕಾರ ಬಹುಮಟ್ಟಿಗೆ ಎರಡು ಘಟಕಗಳ ಕೈಯಲ್ಲಿದೆ. ಬ್ರ್ಚಕೋ ಜಿಲ್ಲೆ ಬೇರೆಯೇ. ಎರಡರಲ್ಲಿ ಒಂದು ಘಟಕದೊಳಗೆ ಮತ್ತೆ ಕ್ಯಾಂಟನ್ ಎಂಬ ಹತ್ತು ಆಡಳಿತ ವಿಭಾಗಗಳು. ಒಂದೇ ನದಿಯ ಮೇಲ್ಭಾಗಕ್ಕೆ ಒಬ್ಬ ಸಚಿವ, ಕೆಳಭಾಗಕ್ಕೆ ಇನ್ನೊಬ್ಬ. ಇಂಥ ಕಡೆ ಒಂದೇ ಸಹಿಗೆ ಎರಡು ವರ್ಷ ಓಡಾಡುವ ಬದಲು, ಮೊದಲ ದಿನದಿಂದಲೇ ಎರಡೂ ಕಡೆ ತಲಾ ಒಂದು ಕಚೇರಿ, ಸಮಾನ ಬಜೆಟ್, ಒಂದೇ ತಾಂತ್ರಿಕ ತಂಡ ಎಂದು ಯೋಜಿಸುವುದು ಲೇಸು. ಅದೇ ಪ್ರದೇಶದಲ್ಲಿ ಸಾವಾ ನದಿಯ ಒಪ್ಪಂದ ಆಗಿದ್ದು 2002ರಲ್ಲಿ, ಹಿಂದೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದ ದೇಶಗಳ ನಡುವೆ. ದೋಣಿ ಸಂಚಾರ, ನೆರೆ, ನೀರಿನ ಅಳತೆ ಮುಂತಾದ ಒಣ ವಿಷಯಗಳು ಅವರನ್ನು ಒಂದು ಮೇಜಿಗೆ ತಂದವು. ಒಣ ವಿಷಯಗಳ ಬಲವನ್ನು ಕಡಿಮೆ ಅಂದಾಜು ಮಾಡಬೇಡಿ.

ಇದರ ಜೊತೆಗೆ ನಿಮ್ಮದೇ ಒಂದು ಹಾಳೆ ಸಿದ್ಧಪಡಿಸಿ. ಪ್ರತಿ ಜಿಲ್ಲೆಗೆ ನಾಲ್ಕು ಪ್ರಶ್ನೆ ಸಾಕು. ರಸ್ತೆಯಲ್ಲಿ ಸುಂಕ ಎತ್ತುವವರು ಯಾರು? ಮರ ಕಡಿಯಲು ಯಾರ ಅಪ್ಪಣೆ ಬೇಕು? ನೀರಿನ ಜಗಳ ಯಾರ ಮುಂದೆ ಬಗೆಹರಿಯುತ್ತದೆ? ಈ ಮೂರೂ ಐದು ವರ್ಷದ ಹಿಂದೆ ಹೇಗಿದ್ದವು? ಕಾಗದದ ಮೇಲಿನ ಅಧಿಕಾರಕ್ಕೂ ಈ ಹಾಳೆಗೂ ಎಲ್ಲೆಲ್ಲಿ ತಾಳೆಯಾಗುವುದಿಲ್ಲವೋ ಅಲ್ಲೆಲ್ಲ ನಿಮ್ಮ ಯೋಜನೆ ಎಡವಲಿದೆ. ಹಾಳೆಯನ್ನು ಕಚೇರಿಯ ಗೋಡೆಗೆ ಎಂದೂ ಅಂಟಿಸಬೇಡಿ. ಬೇಡದವರ ಕಣ್ಣಿಗೆ ಬಿದ್ದರೆ ಮಾಹಿತಿ ಹೇಳಿದವನ ಜೀವಕ್ಕೆ ಕುತ್ತು.

ಹೆಜ್ಜೆ 2: ಮೊದಲ ತೊಂಬತ್ತು ದಿನ, ತುರ್ತು ಪರಿಶೀಲನೆ

ಇಡೀ ದೇಶದ ಪರಿಸರ ಸ್ಥಿತಿಯ ವರದಿ ಬರೆದೇ ಕೆಲಸ ಶುರು ಮಾಡುತ್ತೇವೆ ಎಂಬ ಹಟ ಬೇಡ. 1999ರ ಬಾಲ್ಕನ್ ಕಾರ್ಯಾಚರಣೆ ಇದಕ್ಕೆ ಒಳ್ಳೆಯ ಪಾಠ. ಯುಗೊಸ್ಲಾವಿಯಾದ ಮೇಲಿನ ನ್ಯಾಟೋ ಬಾಂಬ್ ದಾಳಿ ನಿಂತ ಕೆಲವೇ ತಿಂಗಳಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ತಂಡ ಕಾರ್ಖಾನೆಗಳು, ಡ್ಯಾನ್ಯೂಬ್ ನದಿ, ಬಾಂಬ್ ಬಿದ್ದ ತಾಣಗಳನ್ನು ಸುತ್ತಿತು. ದೇಶವ್ಯಾಪಿ ಪರಿಸರ ದುರಂತ ಎಂದು ಸುದ್ದಿ ಹಬ್ಬಿತ್ತು. ತಂಡ ಹೇಳಿದ್ದು ಬೇರೆ: ಎಲ್ಲೆಡೆ ದುರಂತ ಆಗಿಲ್ಲ, ನಾಲ್ಕು ಜಾಗಗಳಲ್ಲಿ ಮಾತ್ರ ತಕ್ಷಣ ಶುದ್ಧೀಕರಣ ಬೇಕು. ಪಾಂಚೆವೋದ ಪೆಟ್ರೋಕೆಮಿಕಲ್ ಸ್ಥಾವರದಿಂದ ಪಾದರಸ ಮತ್ತು ಡೈಕ್ಲೋರೋಈಥೇನ್ ಎಂಬ ವಿಷ ರಾಸಾಯನಿಕ ಸೋರಿತ್ತು. ಕ್ರಾಗುಯೇವಾಟ್ಸ್‌ನ ಕಾರು ಕಾರ್ಖಾನೆಯಲ್ಲಿ ಪಿಸಿಬಿ ಎಂಬ ಇನ್ನೊಂದು ವಿಷ ರಾಸಾಯನಿಕ ಚೆಲ್ಲಿತ್ತು. ನೋವಿ ಸಾದ್‌ನಲ್ಲಿ ತೈಲ ಸಂಸ್ಕರಣಾಗಾರದ ಪಕ್ಕದಲ್ಲೇ ಕುಡಿಯುವ ನೀರಿನ ಬಾವಿಗಳಿದ್ದವು. ನಾಲ್ಕನೆಯದು ತಾಮ್ರದ ಊರು ಬೋರ್.

ಆ ತಂಡ ಇನ್ನೂ ಒಂದು ಮಾತು ಹೇಳಿತ್ತು: ಈ ಹೊಲಸಿನಲ್ಲಿ ಒಂದಷ್ಟು ಯುದ್ಧಕ್ಕಿಂತ ಹಳೆಯದು. ಈ ವಿಂಗಡಣೆ ನಿಮಗೂ ಬೇಕು. ಪರಿಹಾರ ಕೇಳುವವರು, ಆರೋಪ ಹೊರಿಸುವವರು, ಜವಾಬ್ದಾರಿ ತಪ್ಪಿಸಿಕೊಳ್ಳುವ ಹಳೆಯ ಮಾಲೀಕರು ಎಲ್ಲರೂ ನಿಮ್ಮ ವರದಿಯ ಇದೇ ಪುಟವನ್ನು ಹುಡುಕುತ್ತಾರೆ. ಮಾದರಿ ತೆಗೆಯುವಾಗಲೇ ಯುದ್ಧಕ್ಕೆ ಮುಂಚಿನದು ಯಾವುದು, ಈಚಿನದು ಯಾವುದು ಎಂದು ಬೇರ್ಪಡಿಸಲು ಸಾಧ್ಯವಾಗುವಂತೆ ಜಾಗಗಳನ್ನು ಆರಿಸಿ.

ಕೆಲಸದ ಕ್ರಮ ಹೀಗಿರಲಿ. ಮೊದಲ ಎರಡು ಮೂರು ವಾರ ಕಚೇರಿಯಲ್ಲೇ. ಯುದ್ಧಕ್ಕೆ ಮುಂಚಿನ ಕಾರ್ಖಾನೆಗಳ ಪಟ್ಟಿ, ವಿದ್ಯುತ್ ಉಪಕೇಂದ್ರಗಳು, ಕೀಟನಾಶಕ ಉಗ್ರಾಣಗಳು, ತೈಲ ಟ್ಯಾಂಕುಗಳು, ನೀರು ಶುದ್ಧೀಕರಣ ಘಟಕಗಳು, ಆಸ್ಪತ್ರೆ ತ್ಯಾಜ್ಯ ಬೀಳುವ ಗುಂಡಿಗಳು, ಇವೆಲ್ಲವನ್ನೂ ಒಂದೇ ನಕ್ಷೆಗೆ ತನ್ನಿ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 1972ರಿಂದ ಇವೆ, 2008ರಿಂದ ಉಚಿತ. ಯುದ್ಧದ ಇಡೀ ಅವಧಿಯಲ್ಲಿ ಕಾಡು ಎಲ್ಲಿ ಕರಗಿತು, ಎಲ್ಲಿ ಬೆಳೆಯಿತು ಎಂದು ಮೇಜಿನ ಮುಂದೆ ಕೂತೇ ನೋಡಬಹುದು. ಬೆಳೆದ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಜನ ಕಾಲಿಡಲು ಹೆದರಿದ ಕಡೆ ಕಾಡು ಬೆಳೆಯುತ್ತದೆ. ಹೆದರಿಕೆಯ ಕಾರಣ ಅನೇಕ ಸಲ ನೆಲಬಾಂಬು.

ನೆಲಬಾಂಬಿನ ವಿಷಯದಲ್ಲಿ ರಾಜಿ ಎಂಬುದೇ ಇಲ್ಲ. ದೇಶದ ನೆಲಬಾಂಬು ನಿರ್ಮೂಲನ ಕೇಂದ್ರಕ್ಕೆ ಹೋಗಿ ಇತ್ತೀಚಿನ ನಕ್ಷೆ ತೆಗೆದುಕೊಳ್ಳದೆ ಒಂದು ಹಿಡಿ ಮಣ್ಣನ್ನೂ ಅಗೆಯಬೇಡಿ. ಡಾಂಬರು ಬಿಟ್ಟು ಪಕ್ಕಕ್ಕೆ ಇಳಿಯಬಾರದು ಎಂಬುದು ಚಾಲಕರಿಗೂ, ಮೂತ್ರಕ್ಕೆಂದು ಇಳಿಯುವ ವಿಜ್ಞಾನಿಗೂ ಒಂದೇ ನಿಯಮ. ನಕ್ಷೆ ಹಳತಾಗುತ್ತದೆ ಎಂಬುದು ನೆನಪಿರಲಿ: 2014ರ ಮಹಾಪೂರದಲ್ಲಿ ಬೋಸ್ನಿಯಾದ ನೆಲಬಾಂಬುಗಳು ಮಣ್ಣಿನ ಜೊತೆ ಜಾರಿದವು, ಎಚ್ಚರಿಕೆ ಫಲಕಗಳು ಕೊಚ್ಚಿಹೋದವು. ಬಾಂಬು ತೆಗೆಯುವವರ ಜೊತೆ ಇನ್ನೊಂದು ಮಾತುಕತೆಯೂ ನಡೆಯಬೇಕು. ಯಾವ ಗುಡ್ಡವನ್ನು ಯಾವ ವರ್ಷ ತೆರವು ಮಾಡುತ್ತಾರೆ ಎಂಬ ಪಟ್ಟಿ ನಿಮಗೆ ಮುಂಚೆಯೇ ಸಿಗಬೇಕು. ಬಾಂಬು ಹೋದ ಮರುದಿನ ಕೊಡಲಿ ಬರುತ್ತದೆ. ನಿಮ್ಮ ಗಡಿ ಗುರುತಿಸುವ ತಂಡ ಅದಕ್ಕೆ ಮೊದಲು ಅಲ್ಲಿರಬೇಕು.

ಇನ್ನು ಮಾದರಿಗಳು. ದೇಶದೊಳಗೆ ನಂಬುವಂಥ ಪ್ರಯೋಗಾಲಯ ಇರುವುದು ಕಡಿಮೆ. ನೀರು, ಮಣ್ಣಿನ ಮಾದರಿ ಹೊರದೇಶಕ್ಕೆ ಹೋಗಬೇಕಾದರೆ ಕಸ್ಟಮ್ಸ್ ಅನುಮತಿ, ತಂಪು ಪೆಟ್ಟಿಗೆ, ಕೈಯಿಂದ ಕೈಗೆ ದಾಟಿದ ದಾಖಲೆ ಎಲ್ಲ ಬೇಕು. ಅನುಮತಿ ಪತ್ರ ಬರುವ ಮುಂಚೆ ಮಾದರಿ ತೆಗೆದರೆ ಅದು ವಿಮಾನ ನಿಲ್ದಾಣದ ಗೋದಾಮಿನಲ್ಲಿ ಕೆಡುತ್ತದೆ.

ಹಳೆಯ ದಾಖಲೆಗಳ ಬೇಟೆಯನ್ನೂ ಇದೇ ಅವಧಿಯಲ್ಲಿ ಮುಗಿಸಿ. ನದಿಯ ಹರಿವಿನ ಅಳತೆ, ಮಳೆಯ ಲೆಕ್ಕ, ಅರಣ್ಯದ ಸರ್ವೆ ನಕ್ಷೆ ಸುಟ್ಟುಹೋಗಿವೆ ಎಂದು ಎಲ್ಲರೂ ಹೇಳುತ್ತಾರೆ. ನಿವೃತ್ತ ಎಂಜಿನಿಯರ್ ಒಬ್ಬರ ಮನೆಯ ಅಟ್ಟದಲ್ಲೋ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲೋ ಅವುಗಳ ಪ್ರತಿ ಸಿಗುವುದುಂಟು. ನಾನಾದರೆ ಮೊದಲ ಖರೀದಿಯಾಗಿ ಡ್ರೋನ್ ತರಿಸುವುದಿಲ್ಲ, ದೊಡ್ಡ ಹಾಳೆಯ ಸ್ಕ್ಯಾನರ್ ತರಿಸುತ್ತೇನೆ.

ಹೆಜ್ಜೆ 3: ಖಾಲಿ ಸಚಿವಾಲಯದ ಜೊತೆ ಕೆಲಸ

ಯುದ್ಧ ಮುಗಿದ ದೇಶದ ಪರಿಸರ ಇಲಾಖೆ ಎಂದರೆ ಎಷ್ಟೋ ಸಲ ಒಬ್ಬ ಸಚಿವ, ನಾಲ್ಕು ಜನ ಹಳೆಯ ಅಧಿಕಾರಿಗಳು, ಕಿಟಕಿ ಗಾಜಿಲ್ಲದ ಎರಡು ಕೋಣೆ. ಇಂಥವರ ಪಕ್ಕದಲ್ಲಿ ಜನರೇಟರ್, ಹವಾನಿಯಂತ್ರಣ, ಹೊಸ ವಾಹನಗಳ ನಿಮ್ಮ ಯೋಜನಾ ಕಚೇರಿ ತಲೆ ಎತ್ತಿದರೆ ಏನಾಗುತ್ತದೆ? ಆ ನಾಲ್ಕು ಜನರಲ್ಲಿ ಮೂವರು ನಿಮ್ಮಲ್ಲಿಗೇ ಕೆಲಸಕ್ಕೆ ಬರುತ್ತಾರೆ. ನೀವು ಕಟ್ಟಬೇಕಾಗಿದ್ದ ಇಲಾಖೆಯನ್ನು ನೀವೇ ಖಾಲಿ ಮಾಡಿರುತ್ತೀರಿ.

ಸಾಧ್ಯವಾದರೆ ಅವರ ಕಟ್ಟಡದಲ್ಲೇ ಕೂರಿ. ಗಾಜು ನೀವೇ ಹಾಕಿಸಿ. ದೇಶದಲ್ಲಿರುವ ಉಳಿದ ಸಂಸ್ಥೆಗಳ ಜೊತೆ ಸಂಬಳದ ಒಂದು ಸಮಾನ ಪಟ್ಟಿಗೆ ಒಪ್ಪಿಕೊಳ್ಳಿ, ಸರ್ಕಾರಿ ನೌಕರರನ್ನು ಸೆಳೆಯುವುದಿಲ್ಲ ಎಂದು ಬರೆದುಕೊಡಿ. ಉಳಿದವರು ಈ ಮಾತು ಮುರಿದರೂ ನೀವು ಮುರಿಯಬೇಡಿ.

ಅವಸರದ ನಿರೀಕ್ಷೆಯೂ ಬೇಡ. ಅಫ್ಘಾನಿಸ್ತಾನದಲ್ಲಿ ವಿಶ್ವಸಂಸ್ಥೆಯ ಪರಿಸರ ಮೌಲ್ಯಮಾಪನ ಹೊರಬಂದದ್ದು 2003ರಲ್ಲಿ. ರಾಷ್ಟ್ರೀಯ ಪರಿಸರ ಸಂರಕ್ಷಣಾ ಸಂಸ್ಥೆ ಹುಟ್ಟಿದ್ದು 2005ರಲ್ಲಿ, ಪರಿಸರ ಕಾನೂನು 2007ರಲ್ಲಿ, ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಬಂದ್-ಎ-ಅಮೀರ್ ಘೋಷಣೆಯಾಗಿದ್ದು 2009ರಲ್ಲಿ. ವರದಿಯಿಂದ ಉದ್ಯಾನಕ್ಕೆ ಆರು ವರ್ಷ. ಮೂರು ವರ್ಷದ ಯೋಜನೆಯಲ್ಲಿ ಕಾನೂನು, ಸಂಸ್ಥೆ, ಉದ್ಯಾನ ಮೂರನ್ನೂ ಮಾಡಿ ಮುಗಿಸುತ್ತೇವೆ ಎಂದು ಯಾರಾದರೂ ಬರೆದಿದ್ದರೆ ಅದನ್ನು ಈಗಲೇ ತಿದ್ದಿಸಿ. ಆಮೇಲೆ ವಿಫಲವಾಯಿತೆಂದು ಬರೆಸಿಕೊಳ್ಳುವುದಕ್ಕಿಂತ ಅದು ವಾಸಿ.

ಹೆಜ್ಜೆ 4: ಹಣ

ಜಾಗತಿಕ ಪರಿಸರ ಸೌಲಭ್ಯ ನಿಧಿ, ಅಂದರೆ ಜಿಇಎಫ್, ಹಣ ಕೊಡಬೇಕಾದರೆ ಆ ದೇಶ ನೇಮಿಸಿದ ಅಧಿಕೃತ ಪ್ರತಿನಿಧಿಯ ಒಪ್ಪಿಗೆ ಪತ್ರ ಬೇಕು. ದಕ್ಷಿಣ ಕೊರಿಯಾದ ಸಾಂಗ್ಡೋದಲ್ಲಿ ಕಚೇರಿ ಇರುವ ಹಸಿರು ಹವಾಮಾನ ನಿಧಿಗೆ ರಾಷ್ಟ್ರೀಯ ನಿಯೋಜಿತ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ಕದನ ನಿಂತ ದೇಶದಲ್ಲಿ ಈ ಎರಡು ಕುರ್ಚಿಗಳಲ್ಲಿ ಕೂತವರು ಸಂಪುಟ ಬದಲಾದಂತೆಲ್ಲ ಬದಲಾಗುತ್ತಾರೆ. ಪತ್ರಕ್ಕೆ ಸಹಿ ಮಾಡಿದವರ ಹೆಸರು ನಿಧಿಯ ದಾಖಲೆಯಲ್ಲಿ ಈಗಲೂ ಇದೆಯೇ ಎಂದು ಪ್ರಸ್ತಾವ ಕಳಿಸುವ ದಿನವೇ ಮತ್ತೊಮ್ಮೆ ನೋಡಿ.

ದೊಡ್ಡ ನಿಧಿಗಳಲ್ಲಿ ಪರಿಕಲ್ಪನೆಯಿಂದ ಮೊದಲ ಕಂತಿನವರೆಗೆ ವರ್ಷಗಟ್ಟಲೆ ಹಿಡಿಯುತ್ತದೆ. ಶಾಂತಿಗೆ ಅಷ್ಟು ವ್ಯವಧಾನ ಇರುವುದಿಲ್ಲ. ನೈಸರ್ಗಿಕ ಸಂಪತ್ತಿಗೆ ಸಂಬಂಧಿಸಿದ ಕದನಗಳು ಮೊದಲ ಐದು ವರ್ಷಗಳಲ್ಲಿ ಮರುಕಳಿಸುವ ಸಾಧ್ಯತೆ ಇತರ ಕದನಗಳಿಗಿಂತ ಎರಡು ಪಟ್ಟು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2009ರಲ್ಲಿ ಬರೆದಿತ್ತು. ಹಾಗಾಗಿ ಹಣವನ್ನು ಎರಡು ವೇಗದಲ್ಲಿ ಜೋಡಿಸಿ. ಒಂದೆರಡು ದೇಶಗಳ ನೇರ ನೆರವು ಅಥವಾ ವಿಶ್ವಸಂಸ್ಥೆಯ ಶಾಂತಿ ನಿರ್ಮಾಣ ನಿಧಿಯಿಂದ ಮೊದಲ ಹದಿನೆಂಟು ತಿಂಗಳ ಸಣ್ಣ ಕೆಲಸ: ಬಾವಿ ಶುದ್ಧೀಕರಣ, ಅವಶೇಷ ತೆರವು, ಕಾಲುವೆ ದುರಸ್ತಿ. ಅದರ ಬೆನ್ನಿಗೆ ದೊಡ್ಡ ನಿಧಿ.

ಬಜೆಟ್ಟಿನಲ್ಲಿ ಹೊಸಬರು ಮರೆಯುವ ಸಾಲುಗಳಿವೆ. ನೆಲಬಾಂಬು ಪರಿಶೀಲನೆ, ಭದ್ರತೆ, ಉಪಗ್ರಹ ಫೋನ್, ತುರ್ತು ವೈದ್ಯಕೀಯ ಸ್ಥಳಾಂತರದ ವಿಮೆ, ಡೀಸೆಲ್, ಬೆಲೆಯೇರಿಕೆ. ಜಿಇಎಫ್‌ನ ದೊಡ್ಡ ಯೋಜನೆಗಳಲ್ಲಿ ಆಡಳಿತ ವೆಚ್ಚಕ್ಕೆ ಮಿತಿ ಶೇಕಡಾ 5ರ ಆಸುಪಾಸು. ಗುಂಡು ಹಾರುವ ಸಾಧ್ಯತೆ ಇರುವ ಜಿಲ್ಲೆಯಲ್ಲಿ ಅಷ್ಟರಲ್ಲಿ ಕಚೇರಿ ನಡೆಯದು. ಕ್ಷೇತ್ರದ ಸುರಕ್ಷತೆಯ ಖರ್ಚನ್ನು ಆಯಾ ತಾಂತ್ರಿಕ ಚಟುವಟಿಕೆಯ ಭಾಗವಾಗಿಯೇ, ಮುಚ್ಚುಮರೆ ಇಲ್ಲದೆ, ಪ್ರಸ್ತಾವದಲ್ಲೇ ಬರೆದು ಒಪ್ಪಿಗೆ ಪಡೆಯಿರಿ. ನಂತರ ತಲೆಬರಹ ಬದಲಿಸಿ ಸೇರಿಸಲು ಹೋದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಹಣ ದೇಶದೊಳಗೆ ಬರುವುದೇ ಒಂದು ಸಾಹಸ. ಅಂತರರಾಷ್ಟ್ರೀಯ ನಿರ್ಬಂಧಗಳ ಪಟ್ಟಿಯ ಭಯಕ್ಕೆ ಹೊರದೇಶದ ಬ್ಯಾಂಕುಗಳು ಪಾವತಿಯನ್ನು ವಾರಗಟ್ಟಲೆ ತಡೆಯುತ್ತವೆ. ಗುತ್ತಿಗೆದಾರರ ಹೆಸರುಗಳನ್ನು ನಿರ್ಬಂಧ ಪಟ್ಟಿಗಳ ಜೊತೆ ತಾಳೆ ನೋಡಿ, ಆ ದಾಖಲೆಯನ್ನು ಪಾವತಿ ಕಡತದಲ್ಲೇ ಇಡಿ. ಹೆಸರಿನ ಕಾಗುಣಿತ ಮೂರು ಬಗೆಯಲ್ಲಿದ್ದರೆ ಮೂರನ್ನೂ ನೋಡಿ. ಸರ್ಕಾರಿ ವಿನಿಮಯ ದರಕ್ಕೂ ಪೇಟೆಯ ದರಕ್ಕೂ ಅಂತರವಿದ್ದರೆ ಯಾವ ದರದಲ್ಲಿ ಲೆಕ್ಕ ಬರೆಯುತ್ತೀರಿ ಎಂದು ಹಣ ಕೊಡುವವರಿಂದ ಲಿಖಿತವಾಗಿ ಪಡೆಯಿರಿ. ದಿನಗೂಲಿಯನ್ನು ನಿಗದಿತ ದಿನ, ಎಲ್ಲರೆದುರು, ಮುಂಚೆಯೇ ಸಾರಿದ ದರದಲ್ಲಿ ಕೊಡಿ. ಒಂದು ಪಂಗಡದ ಹಳ್ಳಿಗೆ ಸೋಮವಾರ, ಇನ್ನೊಂದಕ್ಕೆ ಗುರುವಾರ ಕೊಟ್ಟರೂ ಮೂರು ದಿನದಲ್ಲಿ ಗಾಳಿಸುದ್ದಿ ಹುಟ್ಟುತ್ತದೆ.

ಹೆಜ್ಜೆ 5: ನೆಲ ಯಾರದು?

ಇದು ಈ ಕೆಲಸದ ತಿರುಳು, ಇಲ್ಲಿ ನಿಧಾನಿಸಬೇಕು.

ಯುದ್ಧದಲ್ಲಿ ಜನ ಓಡುತ್ತಾರೆ, ಅವರ ಹೊಲದಲ್ಲಿ ಬೇರೆಯವರು ನೆಲೆಸುತ್ತಾರೆ, ಅವರ ಮಕ್ಕಳು ಅಲ್ಲೇ ಹುಟ್ಟುತ್ತಾರೆ. ಇತ್ತ ರಾಜಧಾನಿಯಲ್ಲಿ ಅದೇ ನೆಲದ ಮೇಲೆ ಮರದ ಕಂಪನಿಗೋ ಗಣಿ ಕಂಪನಿಗೋ ಪರವಾನಗಿ ಕೊಟ್ಟಿರುತ್ತಾರೆ. ಲೈಬೀರಿಯಾದಲ್ಲಿ ಯುದ್ಧದ ಬಳಿಕ ಲೆಕ್ಕ ಹಾಕಿದಾಗ ಕಂಪನಿಗಳು ತಮ್ಮದೆಂದು ಹೇಳುತ್ತಿದ್ದ ಕಾಡಿನ ಮೊತ್ತ ದೇಶದಲ್ಲಿದ್ದ ಒಟ್ಟು ಕಾಡಿನ ಎರಡೂವರೆ ಪಟ್ಟು ಆಗಿತ್ತು. ಭದ್ರತಾ ಮಂಡಳಿ 2003ರಲ್ಲಿ ಆ ದೇಶದ ಮರದ ರಫ್ತಿಗೆ ನಿಷೇಧ ಹೇರಿತ್ತು, ಯಾಕೆಂದರೆ ಮರದ ಹಣ ಬಂದೂಕಾಗುತ್ತಿತ್ತು. 2006ರಲ್ಲಿ ಅಧ್ಯಕ್ಷೆಯಾದ ಎಲೆನ್ ಜಾನ್ಸನ್ ಸರ್ಲೀಫ್ ತಮ್ಮ ಮೊದಲ ಕಾರ್ಯಾದೇಶದಲ್ಲೇ ಎಲ್ಲ ಅರಣ್ಯ ಗುತ್ತಿಗೆಗಳನ್ನೂ ರದ್ದು ಮಾಡಿದರು. ಅದೇ ವರ್ಷ ನಿಷೇಧ ತೆರವಾಯಿತು, ಹೊಸ ಅರಣ್ಯ ಕಾನೂನೂ ಬಂತು. ಇಷ್ಟಕ್ಕೇ ಕಥೆ ನಿಲ್ಲಿಸಿದರೆ ಚಂದ. ಆದರೆ ಖಾಸಗಿ ಬಳಕೆಯ ಪರವಾನಗಿ ಎಂಬ ಸಣ್ಣ ಕಿಂಡಿ ಉಳಿದಿತ್ತು. 2012ರ ಹೊತ್ತಿಗೆ ಅದೇ ಕಿಂಡಿಯಿಂದ ದೇಶದ ಸುಮಾರು ಕಾಲು ಭಾಗ ನೆಲ ಮರದ ಕಂಪನಿಗಳ ಕೈ ಸೇರುವ ಹಂತಕ್ಕೆ ಹೋಗಿತ್ತು. ಸಮುದಾಯಗಳ ಭೂಹಕ್ಕಿನ ಕಾನೂನು ಬಂದಿದ್ದು 2018ರಲ್ಲಿ. ಕಾನೂನು ಬರೆಸುವ ನೆರವು ಕೊಡುತ್ತಿದ್ದರೆ ದೊಡ್ಡ ಅಧ್ಯಾಯಗಳನ್ನು ಒಮ್ಮೆ ಓದಿ, ವಿನಾಯಿತಿಗಳ ಕಲಮುಗಳನ್ನು ಹತ್ತು ಸಲ ಓದಿ.

ನಿಮ್ಮ ಕಾರ್ಯಕ್ಷೇತ್ರದಲ್ಲಿ ಮಾಡಬೇಕಾದದ್ದು: ಪ್ರತಿ ತುಂಡು ನೆಲಕ್ಕೂ ಇರುವ ಎಲ್ಲ ಹಕ್ಕುಗಳನ್ನು ಪದರ ಪದರವಾಗಿ ಬರೆಯಿರಿ. ಹಳೆಯ ಪಟ್ಟಾ, ರೂಢಿಯ ಹಕ್ಕು, ಯುದ್ಧಕಾಲದಲ್ಲಿ ಕೊಟ್ಟ ಚೀಟಿ, ಸದ್ಯದ ಉಳುಮೆ, ವಲಸೆ ದನಗಾಹಿಗಳ ದಾರಿ. ಯಾವುದು ಸರಿ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಎಲ್ಲವನ್ನೂ ಕಾಣುವಂತೆ ಮಾಡುವುದು ನಿಮ್ಮ ಕೆಲಸ. ವಿಧವೆಯರ ಬಗ್ಗೆ ಪ್ರತ್ಯೇಕವಾಗಿ ಕೇಳಿ, ಯಾಕೆಂದರೆ ಪತ್ರ ಗಂಡನ ಹೆಸರಿನಲ್ಲಿರುತ್ತದೆ, ಗಂಡ ಇರುವುದಿಲ್ಲ. ನಿರಾಶ್ರಿತ ಶಿಬಿರಗಳಿಗೂ ಹೋಗಿ ಕೇಳಿ. ಊರಿನಲ್ಲಿ ಈಗ ಇರುವವರನ್ನಷ್ಟೇ ಕೇಳಿ ಗಡಿ ಗುರುತಿಸಿದರೆ ಓಡಿಹೋದವರು ಶಾಶ್ವತವಾಗಿ ಓಡಿಹೋದಂತೆಯೇ. ನಿರಾಶ್ರಿತರ ಮನೆ, ಆಸ್ತಿ ಮರಳಿಸುವ ಬಗ್ಗೆ 2005ರ ಪಿನ್ಹೇರೋ ತತ್ವಗಳು ಇಲ್ಲಿ ನಿಮ್ಮ ಕೈಪಿಡಿ.

ಜಗಳವಿರುವ ನೆಲದಲ್ಲಿ ಗಿಡ ನೆಡಬೇಡಿ. ಗಿಡ ನೆಡುವುದು ಎಲ್ಲ ಯೋಜನೆಗಳಿಗೂ ಪ್ರಿಯವಾದ ಕೆಲಸ, ಫೋಟೊಗೂ ಚೆನ್ನ. ರೂಢಿ ಕಾನೂನು ಇರುವ ಅನೇಕ ಸಮಾಜಗಳಲ್ಲಿ ಮರ ನೆಟ್ಟವನಿಗೆ ನೆಲದ ಮೇಲೆ ಹಕ್ಕು ಹುಟ್ಟುತ್ತದೆ. ನಿಮ್ಮ ಸಾವಿರ ಸಸಿ ಒಂದು ಪಂಗಡದ ಹಕ್ಕುಪತ್ರವಾಗಬಹುದು.

ಮರಳಿ ಬರುವ ಜನರಿಗೆ ನೆಲ ಬೇಕೇ ಬೇಕು, ಅದು ಸಂರಕ್ಷಿತ ಪ್ರದೇಶದಿಂದಲೂ ಹೋಗಬಹುದು ಎಂಬುದನ್ನು ಒಪ್ಪಿಕೊಳ್ಳಿ. ನರಮೇಧದ ಬಳಿಕ ರುವಾಂಡಾ 1997ರಲ್ಲಿ ಅಕಗೇರಾ ಉದ್ಯಾನದ ಅರ್ಧಕ್ಕೂ ಹೆಚ್ಚು ಭಾಗವನ್ನು ಮರಳಿ ಬಂದವರಿಗೆ ಬಿಟ್ಟುಕೊಟ್ಟಿತು. ಆಗ ಪರಿಸರವಾದಿಗಳಿಗೆ ಅದು ಸೋಲಿನಂತೆ ಕಂಡಿತು. ಉಳಿದ ಭಾಗಕ್ಕೆ ಬೇಲಿ, ಕಾವಲು, ಹೊಸ ಆಡಳಿತ ಬಂದ ಮೇಲೆ 2015ರಲ್ಲಿ ಸಿಂಹಗಳನ್ನೂ 2017ರಲ್ಲಿ ಕಪ್ಪು ಘೇಂಡಾಮೃಗಗಳನ್ನೂ ಅಲ್ಲಿಗೆ ಮರಳಿ ತಂದರು. ಇಡೀ ಉದ್ಯಾನಕ್ಕಾಗಿ ಹಟ ಹಿಡಿದಿದ್ದರೆ ಈ ಉಳಿದ ಭಾಗವೂ ಉಳಿಯುತ್ತಿತ್ತೇ ಎಂಬ ಅನುಮಾನ ನನಗಿದೆ.

ರೂಢಿಯ ನಿಯಮಗಳು ಬದುಕಿರುವ ಕಡೆ ಅವುಗಳ ಜೊತೆಯೇ ಹೋಗಿ. ಪೂರ್ವ ತಿಮೋರ್‌ನಲ್ಲಿ 2002ರ ಸ್ವಾತಂತ್ರ್ಯದ ಬಳಿಕ ತಾರಾ ಬಂದು ಎಂಬ ಹಳೆಯ ಪದ್ಧತಿಯನ್ನು ಕಾಡು, ತೀರದ ರಕ್ಷಣೆಗೆ ಮತ್ತೆ ಬಳಕೆಗೆ ತಂದರು. ಹಿರಿಯರು ಸೇರಿ ವಿಧಿಪೂರ್ವಕವಾಗಿ ನಿಷೇಧ ಸಾರುತ್ತಾರೆ, ಮೀರಿದವರಿಗೆ ದಂಡ. ಅರಣ್ಯ ರಕ್ಷಕನೇ ಇಲ್ಲದ ಗುಡ್ಡದಲ್ಲಿ ಅದಕ್ಕಿಂತ ಗಟ್ಟಿಯಾದ ಕಾನೂನು ಸಿಗುವುದು ಕಷ್ಟ. ಹಿರಿಯರ ಕೂಟದಲ್ಲಿ ಹೆಂಗಸರ, ಹೊಸದಾಗಿ ನೆಲೆಸಿದವರ ದನಿ ಇಲ್ಲದಿದ್ದರೆ ಅದನ್ನೂ ಗಮನಿಸಿ.

ಹೆಜ್ಜೆ 6: ಪುನರ್ನಿರ್ಮಾಣದ ಹಸಿವು

ಮನೆ ಕಟ್ಟಲು ಮರ, ಇಟ್ಟಿಗೆ ಸುಡಲು ಸೌದೆ, ಕಾಂಕ್ರೀಟಿಗೆ ಮರಳು. ಶಾಂತಿಯ ಮೊದಲ ಎರಡು ವರ್ಷ ಇವುಗಳ ಬೇಡಿಕೆ ಹುಚ್ಚೆದ್ದು ಏರುತ್ತದೆ, ಅದರಲ್ಲಿ ದೊಡ್ಡ ಗಿರಾಕಿ ನೆರವು ಸಂಸ್ಥೆಗಳೇ. ಸುನಾಮಿ ಮತ್ತು 2005ರ ಹೆಲ್ಸಿಂಕಿ ಶಾಂತಿ ಒಪ್ಪಂದ ಎರಡನ್ನೂ ಒಟ್ಟಿಗೆ ಕಂಡ ಇಂಡೋನೇಷ್ಯಾದ ಅಚೆ ಪ್ರಾಂತ್ಯದಲ್ಲಿ, ಬಂಡುಕೋರರ ಸಾಲಿನಿಂದ ಬಂದು ಗವರ್ನರ್ ಆದ ಇರ್ವಾಂಡಿ ಯೂಸುಫ್ 2007ರಲ್ಲಿ ಮರ ಕಡಿಯುವುದಕ್ಕೇ ತಡೆ ಹೇರಬೇಕಾಯಿತು. ನಿಮ್ಮ ದೇಶದಲ್ಲಿ ಮನೆ ಕಟ್ಟುವ ಸಂಸ್ಥೆಗಳ ಸಭೆಗೆ ಹೋಗಿ ಕೂರಿ. ಮರ ಎಲ್ಲಿಂದ ತರುತ್ತೀರಿ ಎಂದು ಕೇಳಿ. ಟೆಂಡರಿನಲ್ಲಿ ಮರದ ಮೂಲದ ದಾಖಲೆ ಕೇಳುವಂತೆ, ಸುಡದ ಇಟ್ಟಿಗೆ ಬಳಸುವಂತೆ ಒಪ್ಪಿಸಿ. ಒಡೆದ ಕಟ್ಟಡಗಳ ಅವಶೇಷವನ್ನು ಪುಡಿ ಮಾಡಿ ರಸ್ತೆಗೆ ಹಾಕಬಹುದು, ಆದರೆ ಹಳೆಯ ಚಾವಣಿಗಳ ಕಲ್ನಾರನ್ನು (ಆಸ್ಬೆಸ್ಟಾಸ್) ಮೊದಲೇ ಬೇರ್ಪಡಿಸಬೇಕು; ಪುಡಿಯಾದ ಮೇಲೆ ಅದನ್ನು ಹೆಕ್ಕುವುದು ಸಾಧ್ಯವಿಲ್ಲ. ನಿರಾಶ್ರಿತ ಶಿಬಿರಗಳಿದ್ದರೆ ಅಡುಗೆ ಇಂಧನದ ಪ್ರಶ್ನೆ ಮೊದಲ ದಿನದ್ದು. 1994ರಲ್ಲಿ ಈಗಿನ ಪ್ರಜಾಸತ್ತಾತ್ಮಕ ಕಾಂಗೋದ ಗೋಮಾ ನಗರದ ಸುತ್ತ ಲಕ್ಷಾಂತರ ರುವಾಂಡಾ ನಿರಾಶ್ರಿತರು ಬೀಡುಬಿಟ್ಟಾಗ ಪಕ್ಕದ ವಿರುಂಗಾ ಉದ್ಯಾನವೇ ಅವರ ಸೌದೆಯ ಕಣಜವಾಯಿತು.

ಶ್ರೀಲಂಕಾದ ಉದಾಹರಣೆಯೂ ನೋಡುವಂಥದ್ದು. 2009ರಲ್ಲಿ ಯುದ್ಧ ಮುಗಿದ ಬಳಿಕ ಉತ್ತರ ಪ್ರಾಂತ್ಯಕ್ಕೆ ಸಮಗ್ರ ಪರಿಸರ ಮೌಲ್ಯಮಾಪನ ನಡೆಸಿ, ಕಾಡು, ನೀರು, ಅಪಾಯದ ವಲಯಗಳನ್ನು ಅಭಿವೃದ್ಧಿ ಯೋಜನೆಗಳ ಜೊತೆ ನಕ್ಷೆಗಳ ಮೇಲೆ ತಂದರು. ರಸ್ತೆಯ ಗೆರೆ ಎಳೆದಾದ ಮೇಲೆ ಆಕ್ಷೇಪಿಸುವುದಕ್ಕಿಂತ ಇದು ಅಗ್ಗ.

ಹೆಜ್ಜೆ 7: ಜನ

ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೀರಿ ಎಂಬುದೇ ನಿಮ್ಮ ಯೋಜನೆ ಯಾರ ಪಕ್ಷ ಎಂದು ಊರಿಗೆ ಹೇಳುತ್ತದೆ. ವಿಜ್ಞಾನಿಗಳ ಆಯ್ಕೆಯಲ್ಲಿ ಎಲ್ಲರೂ ಎಚ್ಚರ ವಹಿಸುತ್ತಾರೆ. ಎಡವುವುದು ಚಾಲಕ, ದುಭಾಷಿ, ಗೇಟಿನ ಕಾವಲುಗಾರರ ವಿಷಯದಲ್ಲಿ. ಹಳ್ಳಿಯವರು ಮೊದಲು ಮಾತಾಡಿಸುವುದು ಅವರನ್ನೇ. ದುಭಾಷಿ ಎದುರು ಪಂಗಡದವನಾದರೆ ಸಭೆಯಲ್ಲಿ ನಿಮಗೆ ಸಿಗುವುದು ಸೌಜನ್ಯದ ಉತ್ತರ ಮಾತ್ರ.

ಮಾಜಿ ಹೋರಾಟಗಾರರನ್ನು ದೂರ ಇಡಬೇಡಿ. ಕಾಡಿನ ದಾರಿ ಅವರಷ್ಟು ಬಲ್ಲವರಿಲ್ಲ. ಬಂದೂಕು ಇಳಿಸಿ ಕೆಲಸ ಸಿಗದವರು ಕಳ್ಳಬೇಟೆಗೋ ಚಿನ್ನ ತೊಳೆಯುವುದಕ್ಕೋ ಇಳಿಯುತ್ತಾರೆ. 1992ರಲ್ಲಿ ಯುದ್ಧ ಮುಗಿದಾಗ ಮೊಜಾಂಬಿಕ್‌ನ ಗೊರೊಂಗೋಸಾ ಉದ್ಯಾನ ತನ್ನ ದೊಡ್ಡ ಪ್ರಾಣಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ಕಳೆದುಕೊಂಡಿತ್ತು. ಮೊದಲ ಕಾವಲು ಪಡೆಯಲ್ಲಿ ಹಿಂದಿನ ಸೈನಿಕರೂ ಇದ್ದರು. ಆಮೇಲೆ ದೀರ್ಘಾವಧಿಯ ಒಪ್ಪಂದದಡಿ ಸುತ್ತಲಿನ ಹಳ್ಳಿಗಳ ಶಾಲೆ, ಆರೋಗ್ಯ, ಕಾಫಿ ಬೆಳೆಗೂ ಉದ್ಯಾನದ ಕೆಲಸ ಹಬ್ಬಿತು. 2013ರಿಂದ ಮತ್ತೆ ಆ ಬೆಟ್ಟಗಳಲ್ಲಿ ಗುಂಡಿನ ಸದ್ದು ಕೇಳಿತು. 2019ರ ಆಗಸ್ಟ್ 1ರಂದು ಅಧ್ಯಕ್ಷ ನ್ಯೂಸಿ ಮತ್ತು ಹಿಂದಿನ ಬಂಡುಕೋರ ಪಕ್ಷ ರೆನಾಮೋದ ನಾಯಕ ಮೊಮಾದೆ ಕದನ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದು ಅದೇ ಉದ್ಯಾನದೊಳಗೆ. ಅಷ್ಟು ಜನ ನಂಬುವ ಜಾಗವಾಗಲು ಎರಡೂವರೆ ದಶಕ ಹಿಡಿಯಿತು.

ನೇಮಕದಲ್ಲಿ ಒಂದು ಗೆರೆ ಎಳೆಯಿರಿ: ಮಾಜಿ ಹೋರಾಟಗಾರರಿಗೆ ಇಷ್ಟು ಹುದ್ದೆಯಾದರೆ ಅವರಿಂದ ನೊಂದ ಹಳ್ಳಿಗಳವರಿಗೂ ಅಷ್ಟೇ. ಇಲ್ಲವಾದರೆ ಬಂದೂಕು ಹಿಡಿದವರಿಗೆ ಬಹುಮಾನ ಎಂಬ ಮಾತು ಬರುತ್ತದೆ, ಅದು ಸುಳ್ಳೂ ಅಲ್ಲ.

ಹೆಜ್ಜೆ 8: ಅಳತೆ ಮತ್ತು ದೂರು

ಸೆಂಟಿನೆಲ್-2 ಉಪಗ್ರಹ 10 ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು ಕೆಲವೇ ದಿನಗಳಿಗೊಮ್ಮೆ ಉಚಿತವಾಗಿ ಕೊಡುತ್ತದೆ. ರಸ್ತೆ ಮುಚ್ಚಿದ ಜಿಲ್ಲೆಯ ಮೇಲೂ ಕಣ್ಣಿಡಬಹುದು. ಆದರೆ ಮರ ಹೋಯಿತು ಎಂದು ಅದು ಹೇಳೀತು, ಯಾಕೆ ಹೋಯಿತು ಎಂದು ಹೇಳದು. ಅದಕ್ಕೆ ಊರಿನವರು ಬೇಕು. ಇಲ್ಲೊಂದು ಎಚ್ಚರ: ಜಿಪಿಎಸ್ ಹಿಡಿದು ಗಡಿ ಸುತ್ತುವ ಯುವಕನನ್ನು ಗೂಢಚಾರ ಎಂದು ಹಿಡಿಯುವ ದೇಶಗಳಿವೆ. ಸ್ಥಳೀಯ ಸೇನಾಧಿಕಾರಿ, ಪೊಲೀಸ್, ಹಿರಿಯರು ಮೂವರ ಪತ್ರವೂ ಅವನ ಜೇಬಿನಲ್ಲಿರಲಿ.

ಎಷ್ಟು ಹೆಕ್ಟೇರ್, ಎಷ್ಟು ಸಸಿ ಎಂಬ ಸೂಚಕಗಳ ಪಕ್ಕದಲ್ಲಿ ಒಂದೆರಡು ಜಗಳದ ಸೂಚಕಗಳನ್ನೂ ಇಡಿ. ಕಳೆದ ಮೂರು ತಿಂಗಳಲ್ಲಿ ನೀರಿಗಾಗಿ ಎಷ್ಟು ಹೊಡೆದಾಟ ಆಯಿತು, ದನಗಾಹಿಗಳ ದಾರಿ ಎಷ್ಟು ಕಡೆ ಮುಚ್ಚಿತು. ಸಸಿ ಬದುಕಿ ಜಗಳ ಹೆಚ್ಚಾಗಿದ್ದರೆ ಕೆಲಸ ನಿಲ್ಲಿಸಿ ಯೋಚಿಸುವ ಹೊತ್ತು.

ದೂರು ಪೆಟ್ಟಿಗೆಯನ್ನು ಯೋಜನಾ ಕಚೇರಿಯಲ್ಲಿ ಇಟ್ಟರೆ ಯಾರೂ ಬರುವುದಿಲ್ಲ. ಸಂತೆಯ ದಿನ ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು ಒಂದು ಮೇಜು ಹಾಕಿ ಕೂತರೆ ಬರುತ್ತಾರೆ. ಉತ್ತರವನ್ನು ಮುಂದಿನ ಸಂತೆಯೊಳಗೆ ಕೊಡಿ, ಉತ್ತರ ಆಗದು ಎಂದಿದ್ದರೂ.

ಹೆಜ್ಜೆ 9: ಮತ್ತೆ ಕೆಟ್ಟರೆ, ಅಥವಾ ನೀವು ಹೊರಡುವಾಗ

2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಎಷ್ಟೋ ವರ್ಷಗಳ ಪರಿಸರ ಕಾರ್ಯಕ್ರಮಗಳು ದಿನಗಳಲ್ಲಿ ನಿಂತವು. ಸರ್ಕಾರದ ಜೊತೆಗಿನ ಒಪ್ಪಂದಗಳಲ್ಲಿ ಸರ್ಕಾರವೇ ಬದಲಾದರೆ ಏನು ಮಾಡಬೇಕೆಂಬ ಉತ್ತರ ಇರುವುದು ಕಡಿಮೆ. ಈ ಅಧ್ಯಾಯವನ್ನು ಮೊದಲ ವರ್ಷವೇ ಬರೆದಿಡಿ.

ಕೆಲಸ ಅಮಾನತಾದರೆ ಸ್ಥಳೀಯ ನೌಕರರಿಗೆ ಎಷ್ಟು ತಿಂಗಳ ಸಂಬಳ, ಯಾವ ಖಾತೆಯಿಂದ? ಯಾವ ಕೆಲಸ ಸರ್ಕಾರವನ್ನು ಮುಟ್ಟದೆ ಹಳ್ಳಿಯ ನೀರು ಬಳಕೆದಾರರ ಸಂಘದ ಮೂಲಕ ಮುಂದುವರಿಯಬಹುದು? ಸಿಬ್ಬಂದಿ ಪಟ್ಟಿ, ವಿಳಾಸ, ತರಬೇತಿಗೆ ಬಂದವರ ಫೋಟೊಗಳು ಎಲ್ಲಿವೆ, ಯಾರು ಅಳಿಸುತ್ತಾರೆ? ನಿಮ್ಮ ಲಾಂಛನ ಮುದ್ರಿಸಿದ ಅಂಗಿ ಒಬ್ಬನ ಮನೆಯಲ್ಲಿ ಸಿಕ್ಕಿದ್ದೇ ಅವನಿಗೆ ಅಪರಾಧವಾಗುವ ದಿನ ಬರಬಹುದು. ನೆಲದ ಹಕ್ಕುಗಳ ಪದರಪಟ್ಟಿ ಇನ್ನೂ ಅಪಾಯದ ವಸ್ತು. ಅದರ ಒಂದು ಪ್ರತಿ ದೇಶದ ಹೊರಗೆ, ಹೆಸರುಗಳು ಬೇರೆ ಕಡತದಲ್ಲಿ, ಕೀಲಿ ಇಬ್ಬರ ಬಳಿ ಮಾತ್ರ.

ಶಾಂತಿ ಉಳಿದು ನೀವು ಸಹಜವಾಗಿ ಹೊರಡುವುದಾದರೆ ಕಡೆಯ ಮೂರು ವರ್ಷಗಳಲ್ಲಿ ಸಂಬಳಗಳನ್ನು ಹಂತ ಹಂತವಾಗಿ ಸರ್ಕಾರದ ಬಜೆಟ್ಟಿಗೆ ದಾಟಿಸಿ. ಪ್ರತಿ ಹಣಕಾಸು ವರ್ಷಕ್ಕೆ ಮೂರನೇ ಒಂದರಂತೆ, ಹಣಕಾಸು ಸಚಿವಾಲಯದ ಸಹಿಯೊಂದಿಗೆ. ಪರಿಸರ ಸಚಿವರ ಭರವಸೆ ಇದಕ್ಕೆ ಸಾಲದು. ವಾಹನಗಳ ಲಾಗ್‌ಬುಕ್, ಪ್ರಯೋಗಾಲಯದ ಫಲಿತಾಂಶಗಳು, ಸ್ಕ್ಯಾನ್ ಮಾಡಿದ ಹಳೆಯ ನಕ್ಷೆಗಳು, ದೂರು ಪುಸ್ತಕ ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡು ಕೊಡಿ. ಕಲುಷಿತ ಬಾವಿಗಳ ಪಟ್ಟಿಯನ್ನು ಮಾತ್ರ ಕಡತದಲ್ಲಿ ಬಿಟ್ಟು ಬರಬೇಡಿ. ಆಯಾ ಬಾವಿಯ ಪಕ್ಕದಲ್ಲಿ, ಅಲ್ಲಿನ ಭಾಷೆಯಲ್ಲಿ, ಓದು ಬಾರದವರಿಗೂ ತಿಳಿಯುವ ಚಿತ್ರದೊಂದಿಗೆ, ತುಕ್ಕು ಹಿಡಿಯದ ಫಲಕ ಹಾಕಿಸಿ, ಮತ್ತೆ ಯಾವಾಗ ನೀರು ಪರೀಕ್ಷಿಸಬೇಕು ಎಂಬ ತಿಂಗಳನ್ನೂ ಅದರ ಮೇಲೆ ಬರೆಸಿ.